ಗೀಸರಿಗೊಬ್ಬ ಹಲ್ಲಿನ ಡಾಕ್ಟರು

ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆಯದವರು ಆ ಬಡಾವಣೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಬೇಕರಿಯವನು ತೆರೆದಿದ್ದ. ವಕೀಲರು ತೆರೆದಿದ್ದರು. ಯಾರ ಮುಂದೆಯೂ ತುಟಿ ಬಿಚ್ಚದ ಪೊಲೀಸ್ ಇನ್ಸ್‌ಪೆಕ್ಟರು ಕೂಡ ಆ ಕುರ್ಚಿಯಲ್ಲಿ ಒರಗಿದ ಕೂಡಲೇ ಕೇಳಿದ್ದಕ್ಕಿಂತ ಹೆಚ್ಚೇ ತೆರೆದಿದ್ದರು. ತೆರೆಯದೆ ಉಳಿದಿದ್ದ ಬಾಯಿ ಒಂದೇ ಒಂದು. ಅದು ಡಾಕ್ಟರ ಮನೆಯಲ್ಲೇ, ಊಟದ ಮೇಜಿನ ಎದುರು ಬದಿಯಲ್ಲಿ, ದಿನವೂ ಅವರ ಕಣ್ಣಿಗೆ ಬೀಳುತ್ತಿತ್ತು. ಅದು ಅವರ ಅತ್ತೆಯ ಬಾಯಿ.

(ಮಾತಿಗೆ ತೆರೆಯುತ್ತಿರಲಿಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ಆ ವಿಷಯದಲ್ಲಿ ಕೊರತೆ ಇರಲಿಲ್ಲ. ಚಿಕಿತ್ಸೆಗೆ ಮಾತ್ರ ಮುಚ್ಚಿತ್ತು.)

ಅತ್ತೆ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿ ನಿವೃತ್ತರಾದವರು. ಸ್ಟೇಷನ್ನಿನ ಗೇಟಿನಲ್ಲಿ ನಿಂತು ನಿಂತು ಅವರಿಗೆ ಕತೆ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಪರ್ಸು ಕಳೆದುಹೋಯಿತು, ಕೌಂಟರಿನಲ್ಲಿ ನೂಕುನುಗ್ಗಲಿತ್ತು, ಅಣ್ಣ ಮುಂದೆ ಹೋದ, ಎಂಥ ಕಾರಣ ಹೇಳಿದರೂ ಅವರು ಕೈ ಚಾಚಿ ನಿಲ್ಲುತ್ತಿದ್ದರು. ಟಿಕೆಟ್ ಇದೆಯೋ ಇಲ್ಲವೋ? ಈಗ ಗೇಟು ಇರಲಿಲ್ಲ, ಚಾಚಿದ ಕೈ ಮಾತ್ರ ಹಾಗೇ ಉಳಿದಿತ್ತು.

ಕೆಲವು ತಿಂಗಳಿಂದ ಡಾಕ್ಟರು ಒಂದು ಸಂಗತಿಯನ್ನು ಗಮನಿಸುತ್ತಿದ್ದರು. ಸಂಜೆ ಪೇಪರ್ ಓದುತ್ತಾ ಹುರಿದ ಕಡಲೆಕಾಯಿ ತಿನ್ನುವುದು ಅತ್ತೆಯ ಹಳೆಯ ಸುಖ. ಈಗ ತಟ್ಟೆ ಬರುತ್ತಿತ್ತು, ಪೇಪರ್ ಬರುತ್ತಿತ್ತು, ಅತ್ತೆಯ ಕೈ ಮಾತ್ರ ತಟ್ಟೆಯನ್ನು ಮೆಲ್ಲಗೆ ಅಳಿಯನ ಕಡೆಗೆ ತಳ್ಳುತ್ತಿತ್ತು. ಸೇಬನ್ನು ಕಚ್ಚಿ ತಿನ್ನುತ್ತಿದ್ದವರು ಈಗ ಕಾಗದದಷ್ಟು ತೆಳ್ಳಗೆ ಹೆಚ್ಚಿಸಿಕೊಂಡು ಎಡಗಡೆಯಲ್ಲೇ ಅಗಿಯುತ್ತಿದ್ದರು. ನಕ್ಕಾಗ ಕೆಳಗಿನ ಮುಂದಿನ ಹಲ್ಲುಗಳ ಬುಡದಲ್ಲಿ ಹಳದಿ ಬಣ್ಣದ ಗಟ್ಟಿ ಕಲ್ಲು ಕಾಣುತ್ತಿತ್ತು, ಅದರ ಕೆಳಗೆ ವಸಡು ಕೆಂಪಗೆ ಊದಿಕೊಂಡಿತ್ತು. ಹೀಗೇ ಬಿಟ್ಟರೆ ಮೂಳೆ ಕರಗಿ, ಗಟ್ಟಿಮುಟ್ಟಾದ ಹಲ್ಲುಗಳು ಒಂದೊಂದಾಗಿ ಉದುರುತ್ತವೆ ಎಂದು ಡಾಕ್ಟರಿಗೆ ಗೊತ್ತಿತ್ತು. ಊರವರ ಹಲ್ಲನ್ನು ಉಳಿಸುವ ಮನುಷ್ಯನ ಎದುರಿಗೇ ಅವನ ಮನೆಯ ಹಲ್ಲು ಉದುರುವುದೆಂದರೆ ಏನು? ಅದಕ್ಕಿಂತ ಹೆಚ್ಚಾಗಿ, ಆ ಕಡಲೆಕಾಯಿಯ ತಟ್ಟೆ ತನ್ನ ಕಡೆಗೆ ಜಾರಿ ಬರುವುದನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ.

"ಅತ್ತೆ, ಒಂದೇ ಒಂದ್ಸಲ ಕ್ಲಿನಿಕ್ಕಿಗೆ ಬನ್ನಿ. ಏನೂ ನೋವಾಗಲ್ಲ."

"ನೋವಿಗೆ ಹೆದರೋಳಲ್ಲ ನಾನು, ಅಳಿಯಂದಿರೇ. ಆದ್ರೆ ನೀವು ಮನೆಯವರು. ಬೆಳಿಗ್ಗೆ ನನ್ನ ಬಾಯೊಳಗೆಲ್ಲ ಬೆರಳಾಡಿಸಿ, ಮಧ್ಯಾಹ್ನ ಎದುರಿಗೆ ಕೂತು ಊಟ ಮಾಡಿದ್ರೆ ನನಗೆ ಅನ್ನ ಇಳಿಯುತ್ತಾ? ನಿಮಗಾದ್ರೂ ಇಳಿಯುತ್ತಾ?"

"ನನಗೆ ಅಭ್ಯಾಸ ಇದೆ."

"ಅದೇ ನೋಡಿ, ಅದಕ್ಕೇ ಇನ್ನೂ ಭಯ."

ಇದು ಪ್ರತಿವಾರದ ಸಂಭಾಷಣೆ. ಡಾಕ್ಟರು ಸೋಲುತ್ತಿದ್ದರು, ಅತ್ತೆ ಎಡಗಡೆಯಲ್ಲಿ ಅಗಿಯುತ್ತಿದ್ದರು.

ಇದೇ ಕಾಲಕ್ಕೆ ಬಚ್ಚಲುಮನೆಯ ಗೀಸರೂ ಕಾಯಿಲೆ ಬಿತ್ತು.

ಆ ಮನೆಗೆ ಬರುತ್ತಿದ್ದದ್ದು ಕೊಳವೆಬಾವಿಯ ನೀರು, ಅಪ್ಪಟ ಗಡಸು ನೀರು. ಸೋಪು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಬಕೆಟ್ಟುಗಳ ಒಳಮೈಗೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಷವರಿನ ರಂಧ್ರಗಳಲ್ಲಿ ಅರ್ಧ ಮುಚ್ಚಿಹೋಗಿ, ಉಳಿದ ಅರ್ಧ ತಮಗೆ ತೋಚಿದ ದಿಕ್ಕಿಗೆ ಚಿಮ್ಮುತ್ತಿದ್ದವು. ಷವರಿನ ಕೆಳಗೆ ನಿಂತವರು ಒದ್ದೆಯಾಗುತ್ತಿರಲಿಲ್ಲ, ಎದುರಿನ ಗೋಡೆ ಆಗುತ್ತಿತ್ತು. ಗೀಸರಂತೂ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಗುಡುಗುಡು ಎಂದು ಗೊಣಗಲು ಶುರು ಮಾಡುತ್ತಿತ್ತು. ಗೊಣಗಾಟ ಬೆಳೆಯುತ್ತಾ ಹೋದರೂ ಬಿಸಿನೀರು ಮಾತ್ರ ಅರ್ಧ ಬಕೆಟ್ಟಿಗೇ ಮುಗಿಯುತ್ತಿತ್ತು. ಮಂಡಿನೋವಿಗೆ ಬಿಸಿಬಿಸಿ ನೀರು ಸುರಿದುಕೊಳ್ಳುವ ಅತ್ತೆ ಉಗುರು ಬೆಚ್ಚಗಿನ ನೀರಿನಲ್ಲಿ ಮಿಂದು, ಹಲ್ಲು ಕಡಿಯುತ್ತಾ (ಎಡಗಡೆಯಲ್ಲಿ) ಹೊರಗೆ ಬರುತ್ತಿದ್ದರು.

"ಈ ಗೀಸರು ನಿಮ್ಮ ಹಾಗೇ ಕಣ್ರೀ," ಎಂದಳು ಊಟದ ಮೇಜಿನಲ್ಲಿ ಡಾಕ್ಟರ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದಳು. "ಸದ್ದು ಜಾಸ್ತಿ, ಬಿಸಿ ಕಮ್ಮಿ."

ಡಾಕ್ಟರ ತಲೆಯಲ್ಲಿ ಒಂದು ಹೋಲಿಕೆ ಹೊಳೆದಿತ್ತು. ಹೋಲಿಕೆ ಹೊಳೆದಾಗ ಅವರು ಚಮಚ ಕೆಳಗಿಡುತ್ತಿದ್ದರು. ಈಗಲೂ ಇಟ್ಟರು.

"ಅತ್ತೆ, ಗೀಸರು ಯಾಕೆ ಗೊಣಗುತ್ತೆ ಗೊತ್ತಾ? ನೆಲದೊಳಗಿನ ನೀರಲ್ಲಿ ಸುಣ್ಣದ ಅಂಶ ಕರಗಿರುತ್ತೆ. ತಣ್ಣಗಿರೋವರೆಗೂ ಕಣ್ಣಿಗೆ ಕಾಣಲ್ಲ. ಬಿಸಿ ತಾಗಿದ ಕೂಡ್ಲೇ ನೀರಿಂದ ಬೇರೆಯಾಗಿ, ಎಲ್ಲಿ ಹೆಚ್ಚು ಬಿಸಿಯೋ ಅಲ್ಲಿ, ಅಂದ್ರೆ ನೀರು ಕಾಯಿಸೋ ಕಾಯಿಲ್ ಮೇಲೆ ಅಂಟಿಕೊಳ್ಳುತ್ತೆ. ಪದರದ ಮೇಲೆ ಪದರ ಕೂತು ಕಲ್ಲಾಗುತ್ತೆ. ಆಮೇಲೆ ಕಾಯಿಲ್ ಕೆಂಪಗೆ ಕಾದ್ರೂ ಬಿಸಿ ನೀರಿಗೆ ಬರಲ್ಲ, ಕಲ್ಲು ತಡೆಯುತ್ತೆ. ಕಲ್ಲಿನ ಸಂದಿಲಿ ಸಿಕ್ಕ ನೀರು ಕುದ್ದು ಆವಿಯಾಗಿ ಒಡೆದು ಬರುತ್ತೆ. ಅದೇ ಗುಡುಗುಡು."

"ಸರಿ."

"ನಿಮ್ಮ ಹಲ್ಲಿಗೆ ಆಗಿರೋದೂ ಅದೇ. ಎಂಜಲಲ್ಲಿರೋ ಸುಣ್ಣದ ಅಂಶ ಹಲ್ಲಿನ ಬುಡದಲ್ಲಿ ಕೂತು ಕಲ್ಲಾಗಿದೆ. ಗೀಸರಿಗೂ ನಿಮಗೂ ಏನೂ ವ್ಯತ್ಯಾಸ ಇಲ್ಲ."

ಹೆಂಡತಿ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ತಡವಾಗಿತ್ತು.

ಅತ್ತೆ ಬಾಯೊರೆಸಿಕೊಂಡು, ಗೇಟಿನಲ್ಲಿ ಚಾಚುತ್ತಿದ್ದ ಕೈಯನ್ನೇ ಬಚ್ಚಲುಮನೆಯ ಕಡೆಗೆ ಚಾಚಿದರು. "ಹಾಗಾದ್ರೆ ಮೊದ್ಲು ಆ ಬಾಯಿ ಕ್ಲೀನ್ ಮಾಡಿ, ಅಳಿಯಂದಿರೇ. ನಿಮ್ಮ ಕೈ ಹೇಗಿದೆ ನೋಡ್ತೀನಿ. ನೀರು ಚೆನ್ನಾಗಿ ಕಾದ್ರೆ ಮಾರನೇ ದಿನವೇ ನಿಮ್ಮ ಕುರ್ಚಿಲಿ ಬಂದು ಕೂರ್ತೀನಿ. ಮನೆಯವರು ಗಿನೆಯವರು ಅನ್ನಲ್ಲ."

ಡಾಕ್ಟರು ನೆಟ್ಟಗೆ ಕೂತರು. ಇಷ್ಟು ದಿನ ಮುಚ್ಚಿದ್ದ ಗೇಟು ಮೊದಲ ಸಲ ಒಂದಿಷ್ಟು ಸರಿದಿತ್ತು.

"ರೀ, ಸುಮ್ನೆ ಮೆಕ್ಯಾನಿಕ್ ಕರೀರಿ," ಎಂದಳು ಹೆಂಡತಿ ಆಮೇಲೆ, ಅಡುಗೆಮನೆಯಲ್ಲಿ.

"ಮೆಕ್ಯಾನಿಕ್ ಮಾಡಿದ್ರೆ ನಿಮ್ಮಮ್ಮ ಮೆಕ್ಯಾನಿಕ್ ಹತ್ರ ಹಲ್ಲು ತೋರಿಸ್ಕೊಳ್ತಾರೆ. ಇದು ನಾನೇ ಮಾಡಬೇಕಾದ ಕೆಲಸ. ಸುಣ್ಣದ ಕಲ್ಲು ಕೆರೆಯೋದ್ರಲ್ಲಿ ನನ್ನಷ್ಟು ಅನುಭವ ಈ ಊರಲ್ಲಿ ಯಾರಿಗಿದೆ?"



ಭಾನುವಾರ ಕ್ಲಿನಿಕ್ಕಿಗೆ ರಜೆ. ಬೆಳಿಗ್ಗೆ ತಿಂಡಿ ಮುಗಿಸಿ ಡಾಕ್ಟರು ಬಚ್ಚಲುಮನೆಗೆ ಪ್ರವೇಶಿಸಿದರು. ನಡೆದರು ಅಥವಾ ಹೋದರು ಎಂದರೆ ಆ ಗಾಂಭೀರ್ಯಕ್ಕೆ ಅನ್ಯಾಯವಾಗುತ್ತದೆ. ಹಸಿರು ಏಪ್ರನ್ನು, ಮುಖಕ್ಕೆ ಮಾಸ್ಕು, ಹಣೆಗೆ ಕಟ್ಟಿದ ದೀಪ. ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಜೋಡಿಸಿದ ಉಪಕರಣಗಳು: ಬಾಯಿ ನೋಡುವ ಪುಟ್ಟ ಕನ್ನಡಿ, ಕಲ್ಲು ಕೆರೆಯುವ ಕೊಕ್ಕೆಗಳು, ಚೂಪು ಮೊನೆಯ ಶೋಧಕ. ಕೊನೆಯಲ್ಲಿ, ಬೇರೆ ದಾರಿಯಿಲ್ಲದೆ, ಒಂದು ಸ್ಪ್ಯಾನರ್. ಹೆಂಡತಿ ಆ ತಟ್ಟೆ ಹಿಡಿದು ನರ್ಸಿನಂತೆ ನಿಲ್ಲಬೇಕೆಂದು ನಿಗದಿಯಾಗಿತ್ತು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಕ್ರಮದಲ್ಲಿ ಡಾಕ್ಟರು ಎಲ್ಲೂ ತಪ್ಪಲಿಲ್ಲ. ಸ್ವಿಚ್ ಆರಿಸಿದ್ದು ಸಾಲದೆಂದು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದರು. ಒಳಗೆ ಬರುವ ನೀರಿನ ವಾಲ್ವ್ ಮುಚ್ಚಿದರು. ತಣಿಯಲು ಬಿಟ್ಟರು. ಆಮೇಲೆ ಕೆಳಗಿನ ಪೈಪು ಬಿಚ್ಚಿ, ಬಕೆಟ್ ಇಟ್ಟು, ರೂಢಿಯ ಬಲದಿಂದ "ಹಾಂ, ಉಗೀರಿ" ಎಂದರು.

ಗೀಸರು ಉಗಿಯಿತು. ಕೆನೆಬಣ್ಣದ ನೀರು, ಅದರೊಂದಿಗೆ ಮೊಟ್ಟೆಯ ಸಿಪ್ಪೆಯಂಥ ಚೂರುಗಳು.

"ಅಯ್ಯೋ, ಇಷ್ಟು ದಿನ ಇದನ್ನೇ ತಲೆ ಮೇಲೆ ಸುರ್ಕೊಂಡ್ವಾ?" ಎಂದರು ಅತ್ತೆ.

"ಇನ್ನೂ ಇದೆ," ಎಂದರು ಡಾಕ್ಟರು, ಇಂಥ ಘಳಿಗೆಯಲ್ಲಿ ಎಲ್ಲ ಡಾಕ್ಟರುಗಳೂ ಹೇಳುವ ಧ್ವನಿಯಲ್ಲಿ.

ತಳದ ಬಿಲ್ಲೆಯ ಬೋಲ್ಟುಗಳನ್ನು ಬಿಚ್ಚಿ ಕಾಯಿಲ್ಲನ್ನು ಹೊರಗೆಳೆದಾಗ ಮೂವರೂ ಬಗ್ಗಿ ನೋಡಿದರು. ಬೆರಳಿನ ಗಾತ್ರದ ಲೋಹದ ಸುರುಳಿ ಅಲ್ಲಿರಬೇಕಾಗಿತ್ತು. ಇದ್ದದ್ದು ಮುಂಗೈ ಗಾತ್ರದ ಬಿಳಿಯ ಬಂಡೆ. ಅದರ ಮೇಲೆ ಉಬ್ಬುಗಳು, ಕೊಂಬೆಗಳು, ತೂಗಾಡುವ ಮೊನೆಗಳು. ಭೂಗೋಳದ ಮೇಡಮ್ಮಿನ ಕಣ್ಣು ಅರಳಿತು.

"ರೀ, ಇದನ್ನ ಹಾಗೇ ಇಟ್ಕೊಳ್ಳಿ, ಸ್ಕೂಲಿಗೆ ತಗೊಂಡು ಹೋಗ್ತೀನಿ. ಸುಣ್ಣಕಲ್ಲಿನ ಗುಹೆ ತೋರಿಸೋಕೆ ಮಕ್ಕಳನ್ನ ಎಲ್ಲೂ ಕರ್ಕೊಂಡು ಹೋಗೋದು ಬೇಡ, ನಮ್ಮ ಬಚ್ಚಲಿಗೆ ಕರೆದ್ರೆ ಸಾಕು."

"ನಗುವ ವಿಷಯ ಅಲ್ಲ," ಎಂದರು ಡಾಕ್ಟರು. ಸಿಟ್ರಿಕ್ ಆಸಿಡ್ಡಿನ ಪುಡಿ ಕರಗಿಸಿದ ಬಕೆಟ್ಟಿನಲ್ಲಿ ಬಂಡೆಯನ್ನು ಇಳಿಬಿಟ್ಟರು. ಅದು ಬುರುಬುರು ನೊರೆಯೆಬ್ಬಿಸುತ್ತಾ, ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿದ್ದ ಗಾಳಿಯನ್ನೆಲ್ಲ ಬಿಡುತ್ತಾ ಕರಗತೊಡಗಿತು.

ಕಾಯಿಲ್ಲಿನ ಪಕ್ಕದಲ್ಲೇ ಇನ್ನೊಂದು ಕಡ್ಡಿ ಇರಬೇಕಾಗಿತ್ತು. ಮೆಗ್ನೀಸಿಯಂ ಕಡ್ಡಿ. ನೀರು ಟ್ಯಾಂಕಿನ ಕಬ್ಬಿಣವನ್ನು ತಿನ್ನುವ ಬದಲು ತನ್ನನ್ನು ತಿನ್ನಲಿ ಎಂದು ನಿಂತುಕೊಳ್ಳುವ ತ್ಯಾಗಜೀವಿ ಅದು. ಆಗಾಗ ನೋಡಿ, ಸವೆದಿದ್ದರೆ ಹೊಸದು ಹಾಕಬೇಕು. ಡಾಕ್ಟರಿಗೆ ಸಿಕ್ಕಿದ್ದು ಒಂದು ಸಣ್ಣ ತಂತಿ. ಅಂದರೆ ಕಡ್ಡಿ ತನ್ನ ಪಾಲಿನ ಕೆಲಸ ಮುಗಿಸಿ ಎಷ್ಟೋ ಕಾಲವಾಗಿತ್ತು. ಆಮೇಲೆ ನೀರು ಏನನ್ನು ತಿಂದಿತು ಎಂಬ ಪ್ರಶ್ನೆ ಅವರ ಮನಸ್ಸಿಗೆ ಬಂತು. ನಾಳೆ ಹೊಸ ಕಡ್ಡಿ ತಂದರಾಯಿತು ಎಂದುಕೊಂಡು ಮುಂದುವರಿದರು.

ಮುಂದಿನದು ಟ್ಯಾಂಕಿನ ಒಳಗಿನ ಕೆಲಸ. ಡಾಕ್ಟರು ಸ್ಟೂಲಿನ ಮೇಲೆ ಕೂತು ಕತ್ತು ಹಿಂದಕ್ಕೆ ಚಾಚಿ, ಹಣೆಯ ದೀಪ ಹೊತ್ತಿಸಿ, ಕೆಳಗಿನಿಂದ ಮೇಲಕ್ಕೆ ಕನ್ನಡಿ ತೂರಿಸಿದರು. ಅವರ ಲೆಕ್ಕದಲ್ಲಿ ಅದು ಮೇಲ್ದವಡೆಯ ಕೆಲಸ.

"ಇನ್ನೂ ಸ್ವಲ್ಪ ಅಗಲ ಮಾಡಿ."

"ಯಾರು?" ಎಂದಳು ಹೆಂಡತಿ.

"ನಿನಗಲ್ಲ."

ಕೊಕ್ಕೆ ಕಲ್ಲಿಗೆ ತಾಗಿ ಕರಕರ ಎಂದಿತು. ಚೂರುಗಳು ಡಾಕ್ಟರ ಕನ್ನಡಕದ ಮೇಲೆ, ಕಿವಿಯೊಳಗೆ, ಅಂಗಿಯ ಕಾಲರಿನೊಳಗೆ ಬಿದ್ದವು. ಅವರು ಅಲ್ಲಾಡಲಿಲ್ಲ. ಒಂದು ಮೂಲೆ ಮುಗಿಸಿದ ಮೇಲೆ ಅದರ ಪಕ್ಕದ ಮೂಲೆ, ಅದರ ಪಕ್ಕದ್ದು. "ನೀರು," ಎಂದರೆ ಹೆಂಡತಿ ಮಗ್ಗಿನಿಂದ ಮೇಲಕ್ಕೆ ನೀರೆರಚಿ ತೊಳೆಯುತ್ತಿದ್ದಳು. ಎರಚಿದ ನೀರು ತಿರುಗಿ ಡಾಕ್ಟರ ಅಂಗಿಯ ತೋಳಿನೊಳಗೇ ಇಳಿಯುತ್ತಿತ್ತು. ಅರ್ಧ ಕೆಲಸವೆಂಬುದು ಅವರ ಕೈಗೆ ಗೊತ್ತೇ ಇರಲಿಲ್ಲ. ಒಳಗೆ ಲೋಹಕ್ಕೆ ಗಾಜಿನಂಥ ಲೇಪವಿತ್ತು, ಕಲ್ಲು ಹೋದಲ್ಲೆಲ್ಲ ಅದು ಆರೋಗ್ಯವಂತ ಹಲ್ಲಿನಂತೆ ಹೊಳೆಯುತ್ತಿತ್ತು. ಡಾಕ್ಟರಿಗೆ ಮಾಸ್ಕಿನ ಹಿಂದೆ ನಗು ಬಂತು.

ಟ್ಯಾಂಕಿನ ಬಾಯಿಗೆ ಹತ್ತಿರದ ಕಂಠದಲ್ಲಿ, ಬೆಸುಗೆ ಹಾಕಿದ ಅಂಚಿನಲ್ಲಿ, ಕಲ್ಲು ಎಲ್ಲಕ್ಕಿಂತ ದಪ್ಪವಾಗಿತ್ತು. ಸ್ವಲ್ಪ ಕೆರೆದರು. ಒಂದು ಚೂರು ಉದುರಿ, ಅದರಡಿಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಸುತ್ತಲೂ ಕಂದು ಬಣ್ಣದ ನೆರಳು.

ಕೈ ನಿಂತಿತು. ಇಂಥ ಚುಕ್ಕೆಯನ್ನು ಅವರು ದಿನಾ ನೋಡುತ್ತಿದ್ದರು. ಕ್ಲಿನಿಕ್ಕಿನಲ್ಲಾಗಿದ್ದರೆ ಕನ್ನಡಿ ಕೆಳಗಿಟ್ಟು, ಮೊದಲು ಎಕ್ಸ್‌ರೇ ತೆಗೆಸಿ ಎನ್ನುತ್ತಿದ್ದರು.

"ಏನಾಯ್ತು ಅಳಿಯಂದಿರೇ, ನಿಲ್ಲಿಸಿಬಿಟ್ರಿ?" ಎಂದು ಬಾಗಿಲ ಕಡೆಯಿಂದ ಕೇಳಿತು. "ಅಷ್ಟು ಹಾಗೇ ಬಿಡ್ತೀರಾ?"

ಗೀಸರಿಗೆ ಎಕ್ಸ್‌ರೇ ತೆಗೆಯುವವರಿಲ್ಲ. ಡಾಕ್ಟರು ಅದನ್ನೂ ಪೂರ್ತಿ ಕೆರೆದರು.

ಮಧ್ಯಾಹ್ನ ಎಲ್ಲ ಜೋಡಿಸಿ, ಹೊಸ ವಾಷರ್ ಹಾಕಿ, ನೀರು ತುಂಬಿಸಿ, ಸ್ವಿಚ್ ಹಾಕಿದರು. ಮೂವರೂ ಕಿವಿಗೊಟ್ಟು ನಿಂತರು. ಗೀಸರು ತುಟಿಪಿಟಕ್ಕೆನ್ನಲಿಲ್ಲ. ಗೊಣಗಾಟ ಹೋಗಿತ್ತು. ಕೆಂಪು ದೀಪ ಎಂದಿಗಿಂತ ಎಷ್ಟೋ ಬೇಗ ಆರಿತು. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು ಭೋರೆಂದು ಬಂತು, ಕೈಯಿಟ್ಟ ಹೆಂಡತಿ ಹಾ ಎಂದು ಹಿಂದಕ್ಕೆಳೆದುಕೊಂಡಳು.

ಅಂದು ಸಂಜೆ ಅತ್ತೆ ಬಚ್ಚಲಿನಿಂದ ಹೊರಬಂದಾಗ ಅವರ ಮುಖ ಕೆಂಪೇರಿತ್ತು, ಮಂಡಿ ಹಗುರಾಗಿ ಮಡಚುತ್ತಿತ್ತು. ಡಾಕ್ಟರ ಎದುರು ನಿಂತು ಅವರು ಹೇಳಿದ ಮಾತನ್ನು ಹೆಂಡತಿ ಕೂಡ ತನ್ನ ಜನ್ಮದಲ್ಲಿ ಅಮ್ಮನ ಬಾಯಲ್ಲಿ ಕೇಳಿರಲಿಲ್ಲ.

"ಚೆನ್ನಾಗಿ ಮಾಡಿದ್ರಿ. ಕೈ ಒಳ್ಳೇದಿದೆ. ಬೆಳಿಗ್ಗೆ ನಿಮ್ಮ ಜೊತೇನೇ ಹೊರಡ್ತೀನಿ."

ಡಾಕ್ಟರು ಆ ಸಂಜೆ ಕಡಲೆಕಾಯಿಯ ತಟ್ಟೆಯನ್ನು ಅತ್ತೆಯ ಕಡೆಗೆ ತಾವೇ ತಳ್ಳಿದರು. ಇನ್ನು ಕೆಲವೇ ದಿನ ಎಂಬ ಅರ್ಥದಲ್ಲಿ.

ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಚೀಲ ತೋಳಿಗೆ ಹಾಕಿಕೊಂಡು, ಡಾಕ್ಟರಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಡಾಕ್ಟರು ಷೂ ದಾರ ಕಟ್ಟುತ್ತಿದ್ದರು. ಆಗ ಬಚ್ಚಲಿನಿಂದ ಟಪ್ ಎಂದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ ಟಪ್. ಆಮೇಲೆ ಟಪ್‌ಗಳ ನಡುವಿನ ಜಾಗ ಕಡಿಮೆಯಾಗುತ್ತಾ ಬಂದು, ಒಂದಕ್ಕೊಂದು ಕೂಡಿಕೊಂಡು ಸೊರ್ ಎಂದಾಯಿತು.

"ರೀ!" ಎಂದಳು ಬಚ್ಚಲಿನಿಂದ ಹೆಂಡತಿ. "ಗೀಸರು ಅಳ್ತಾ ಇದೆ!"

ಡಾಕ್ಟರು ಒಂದು ಕಾಲಲ್ಲಿ ಷೂ, ಒಂದು ಕಾಲಲ್ಲಿ ಬರೀ ಸಾಕ್ಸು ಹಾಕಿಕೊಂಡು ಓಡಿದರು. ಗೀಸರಿನ ಹೊರಕವಚದ ತಳದಿಂದ ಕಂದು ಬಣ್ಣದ ನೀರು ದಾರದಂತೆ ಇಳಿಯುತ್ತಿತ್ತು. ಸ್ವಿಚ್ ಆರಿಸಿ, ವಾಲ್ವ್ ಮುಚ್ಚಿ, ಬಕೆಟ್ ಇಟ್ಟು ಮೇಲೆ ನೋಡಿದರು. ವಾಷರ್ ಒಣಗಿತ್ತು. ಬೋಲ್ಟುಗಳೂ ಒಣಗಿದ್ದವು. ನೀರು ಬರುತ್ತಿದ್ದದ್ದು ಕಂಠದ ಬೆಸುಗೆಯಿಂದ. ಎಲ್ಲಿಂದ ಎಂದು ನೋಡಬೇಕಾಗಿರಲಿಲ್ಲ, ಅವರಿಗೆ ಗೊತ್ತಿತ್ತು.

ಹಿಂದೆ ಚಪ್ಪಲಿಯ ಸದ್ದಾಯಿತು. ಅತ್ತೆ ಕೈಚೀಲ ಸಮೇತ ಬಾಗಿಲಲ್ಲಿ ನಿಂತಿದ್ದರು.

"ಏನಿದು?"

"ಸೋರ್ತಾ ಇದೆ."

"ನಿನ್ನೆ ಮೊನ್ನೆ ಸೋರ್ತಿತ್ತಾ?"

"ಇಲ್ಲ."

"ಹಾಕಿಸಿದಾಗಿಂದ ಯಾವತ್ತಾದ್ರೂ ಸೋರಿತ್ತಾ?"

"ಇಲ್ಲ."

ಅತ್ತೆಯ ಬೆನ್ನ ಹಿಂದೆ ನಿಂತ ಹೆಂಡತಿ ಗಂಡನನ್ನೇ ನೋಡುತ್ತಾ ತುಟಿಯಲ್ಲೇ ಹೇಳುತ್ತಿದ್ದಳು: ವಾಷರ್. ವಾಷರ್ ಅನ್ನಿ. ಬೆರಳಿಂದ ಗಾಳಿಯಲ್ಲಿ ಒಂದು ಉಂಗುರ ಬರೆದೂ ತೋರಿಸಿದಳು.

"ಮತ್ತೆ ಈಗ ಯಾಕೆ ಸೋರ್ತಿದೆ?"

ಇಲ್ಲಿ ಬೇರೆ ಯಾರೇ ಆಗಿದ್ದರೂ ವಾಷರ್ ಎಂದುಬಿಡುತ್ತಿದ್ದರು. ಅತ್ತೆಯ ಹಲ್ಲು ಉಳಿಯುತ್ತಿತ್ತು, ಅಳಿಯನ ಮಾನ ಉಳಿಯುತ್ತಿತ್ತು, ಹಾಳಾಗುತ್ತಿದ್ದದ್ದು ಒಂದು ರಬ್ಬರ್ ಉಂಗುರದ ಹೆಸರು ಮಾತ್ರ. ಡಾಕ್ಟರು ಬಾಯಿ ತೆರೆದದ್ದೂ ವಾಷರ್ ಎನ್ನಲಿಕ್ಕೇ. ಆದರೆ ವಾಷರ್ ಒಣಗಿದ್ದನ್ನು ಆಗಷ್ಟೇ ನೋಡಿದ್ದರು. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳಿ ಅಭ್ಯಾಸವಾಗಿಹೋದ ನಾಲಿಗೆ ಹೆಂಡತಿಯ ಉಂಗುರವನ್ನು ಕೇಳಲಿಲ್ಲ.

"ಬೆಸುಗೆ ಹತ್ರ ತುಕ್ಕು ಹಿಡಿದು ತೂತು ಬಿದ್ದಿತ್ತು ಅತ್ತೆ. ಬಹಳ ಹಿಂದೆಯೇ ಬಿದ್ದಿರಬೇಕು. ಅದರ ಮೇಲೆ ಕಲ್ಲು ಕಟ್ಟಿಕೊಂಡು ತೂತು ಮುಚ್ಚಿಹೋಗಿತ್ತು."

"ಅಂದ್ರೆ ಇಷ್ಟು ದಿನ ಅದನ್ನ ಹಿಡ್ಕೊಂಡಿದ್ದದ್ದು ಕಲ್ಲೇ."

"ಹೌದು."

"ಕಲ್ಲನ್ನ ನೀವು ತೆಗೆದ್ರಿ."

"ತೆಗೆದೆ."

"ಪೂರ್ತಿ ತೆಗೆದ್ರಿ."

"ಪೂರ್ತಿ," ಎಂದರು ಡಾಕ್ಟರು. ಆ ಶಬ್ದ ಬಾಯಿಂದ ಹೊರಬೀಳುವಾಗಲೇ ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ಅರಿವಾಯಿತು. ಹೆಂಡತಿ ಹಣೆಯ ಮೇಲೆ ಕೈಯಿಟ್ಟುಕೊಂಡಳು.

ಅತ್ತೆ ಸೋರುವ ಗೀಸರನ್ನು ನೋಡಿದರು. ಆಮೇಲೆ ಅಳಿಯನನ್ನು ನೋಡಿದರು. ನಾಲಿಗೆಯಿಂದ ತಮ್ಮ ಕೆಳಗಿನ ಹಲ್ಲುಗಳನ್ನು ಒಳಗಿನಿಂದ ಮೆಲ್ಲಗೆ ಮುಟ್ಟಿ ನೋಡಿಕೊಂಡರು. ತುಟಿ ಮುಚ್ಚಿಕೊಂಡರು. ಹೋಗಿ ಚಪ್ಪಲಿ ಬಿಟ್ಟರು.

ಮುಂದಿನ ದಿನಗಳು ಆ ಮನೆಯಲ್ಲಿ ಗಂಭೀರವಾಗಿ ಕಳೆದವು. ಹೊಸ ಗೀಸರು ಬರುವವರೆಗೆ ಅಡುಗೆಮನೆಯಲ್ಲಿ ನೀರು ಕಾಯಿಸಿ, ಕೊಡಪಾನದಲ್ಲಿ ಹೊತ್ತು, ಬಚ್ಚಲಿಗೆ ಸಾಗಿಸುವ ಕೆಲಸ ಡಾಕ್ಟರ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ, ಕೊಡಪಾನ ತಾನಾಗಿ ಅವರ ಕೋಣೆಯ ಬಾಗಿಲಲ್ಲಿ ಬಂದು ಕೂತಿರುತ್ತಿತ್ತು. ಹೊಸದು ಬಂದ ಮೇಲೆ ಅಂಗಡಿಯವನು ಗೋಡೆಗೆ ಕೂರಿಸಿ, ಅತಿ ಬಿಸಿ ಮಾಡಬೇಡಿ, ಬಿಸಿ ಹೆಚ್ಚಾದಷ್ಟೂ ಕಲ್ಲು ಹೆಚ್ಚು ಕೂರುತ್ತೆ, ವರ್ಷಕ್ಕೊಮ್ಮೆ ತಳದ ನೀರು ಖಾಲಿ ಮಾಡಿ, ಕಡ್ಡಿ ನೋಡಿಸಿ ಎಂದು ಹೇಳಿ ಹೋದ. ಹೆಂಡತಿ ಅದರ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದಳು: 'ಡಾಕ್ಟರು ಮುಟ್ಟಬಾರದು.'

"ಇಷ್ಟೊಂದು ಬೇಕಿತ್ತಾ?"

"ನಾನು ವಾಷರ್ ಅನ್ನಿ ಅಂದೆ," ಎಂದಳು ಹೆಂಡತಿ. "ಒಂದು ಮೂರಕ್ಷರದ ಸುಳ್ಳು ಹೇಳೋಕಾಗ್ಲಿಲ್ಲ ನಿಮ್ಮ ಕೈಲಿ. ಅಮ್ಮ ಈಗ ಬಲಗಡೆ ಕೆನ್ನೆ ಹಿಡ್ಕೊಂಡೇ ಮಲಗ್ತಾಳೆ, ಗೊತ್ತಾ?"

ಗೊತ್ತಿತ್ತು. ಡಾಕ್ಟರಿಗೆ ಅದೊಂದೇ ಗೊತ್ತಿದ್ದದ್ದು. ಅತ್ತೆ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನಲು ಶುರುಮಾಡಿದ್ದರು. ಹಲ್ಲು ಮತ್ತು ಗೀಸರು ಒಂದೇ ಅಲ್ಲ, ಹಲ್ಲಿನ ಕಲ್ಲು ತೆಗೆದರೆ ವಸಡು ಮತ್ತೆ ಬಿಗಿಯಾಗಿ ಹಿಡಿಯುತ್ತದೆ, ಕಬ್ಬಿಣಕ್ಕೆ ಆ ಶಕ್ತಿಯಿಲ್ಲ ಎಂದು ವಿವರಿಸಲು ಅವರು ಬಾಯಿ ತೆರೆದರೆ ಅತ್ತೆ, "ಏನೂ ವ್ಯತ್ಯಾಸ ಇಲ್ಲ ಅಂದೋರು ನೀವೇ," ಎಂದು ಬ್ರೆಡ್ಡಿನ ಕಡೆ ತಿರುಗುತ್ತಿದ್ದರು. ಹೋಲಿಕೆಯನ್ನು ವಾಪಸು ತೆಗೆದುಕೊಳ್ಳುವ ವಿಧಾನ ಡಾಕ್ಟರು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಒಂದು ದಿನ ಬ್ರೆಡ್ಡಿನ ಬಟ್ಟಲನ್ನು ಅರ್ಧಕ್ಕೆ ಸರಿಸಿ, ಅತ್ತೆ ತಾವಾಗಿಯೇ ಮಾತು ತೆಗೆದರು.

"ಅಳಿಯಂದಿರೇ, ಅವತ್ತು ನನ್ನ ಬೆನ್ನ ಹಿಂದೆ ನಿಂತು ಇವಳು ಕೈಸನ್ನೆ ಮಾಡ್ತಿದ್ಲು. ಬಚ್ಚಲಿನ ಕನ್ನಡೀಲಿ ನನಗೆ ಕಾಣಿಸ್ತಿತ್ತು."

ಹೆಂಡತಿ ಎದ್ದು ಪಾತ್ರೆ ತೊಳೆಯಲು ಹೋದಳು. ತೊಳೆಯಲು ಪಾತ್ರೆಗಳಿರಲಿಲ್ಲ.

"ಸುಳ್ಳು ಹೇಳಿ ತಪ್ಪಿಸ್ಕೊಳ್ಳಬಹುದಿತ್ತು ನೀವು. ಹೇಳಲಿಲ್ಲ. ಗೇಟಲ್ಲಿ ಎಷ್ಟೋ ಜನರನ್ನ ನೋಡಿದೀನಿ, ಟಿಕೆಟ್ ಇಲ್ಲ ಅಂತ ಮುಖ ನೋಡಿ ಒಪ್ಪಿಕೊಂಡೋರು ಅಪರೂಪ. ಅಂಥೋರು ನನ್ನ ಹಲ್ಲು ಕ್ಲೀನ್ ಆಗಬೇಕು ಅಂದ್ರೆ, ಅದೂ ನಿಜವೇ ಇರಬೇಕು. ಮಾಡಿಸ್ಕೊಳ್ತೀನಿ."

ಡಾಕ್ಟರ ಎದೆ ಹೂವಾಯಿತು. "ನಾಳೆನೇ ಬನ್ನಿ ಅತ್ತೆ! ಬೆಳಿಗ್ಗೆ ಮೊದಲ ಹೊತ್ತು ನಿಮಗೇ ಇಟ್ಟುಬಿಡ್ತೀನಿ."

"ನಿಮ್ಮ ಹತ್ರ ಅಲ್ಲ," ಎಂದರು ಅತ್ತೆ ಮೃದುವಾಗಿ. "ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇದೆ. ಕೈ ಮೇಲೆ ಇಲ್ಲ. ಮಾರ್ಕೆಟ್ ಹಿಂದೆ ಒಬ್ಬಳು ಹುಡುಗಿ ಹೊಸದಾಗಿ ಕ್ಲಿನಿಕ್ ತೆಗೆದಿದಾಳಂತಲ್ಲ, ಅವಳ ಹತ್ರ ಕರ್ಕೊಂಡು ಹೋಗಿ."

ಆ ಹುಡುಗಿ ಡಾಕ್ಟರ ಬಳಿಯೇ ಕೆಲಸ ಕಲಿತು ಹೋದವಳು. ಆ ವಿಷಯವನ್ನು ಹೇಳಬೇಕೋ ಬೇಡವೋ ಎಂದು ಡಾಕ್ಟರು ಯೋಚಿಸಿದರು. ಬಾಯಿ ಮುಚ್ಚಿಕೊಂಡಿರುವುದೂ ಒಂದು ಚಿಕಿತ್ಸೆ ಎಂದು ಅಂದು ಮೊದಲ ಸಲ ಅನ್ನಿಸಿತು.

ಹೀಗೆ ಒಂದು ಬುಧವಾರ ಊರಿನ ಹಿರಿಯ ಹಲ್ಲಿನ ಡಾಕ್ಟರು ಊರಿನ ಕಿರಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ಅತ್ತೆಯ ಕೈಚೀಲ ಇಟ್ಟುಕೊಂಡು ಕೂತಿದ್ದರು. ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು. ಗೋಡೆಯಲ್ಲಿ ನಗುವ ಹಲ್ಲಿನ ಚಿತ್ರವಿತ್ತು. ಪಕ್ಕದ ಕುರ್ಚಿಯಲ್ಲಿ ಯಾರೋ ಅವರಂತೆಯೇ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಹಳ ಹೊತ್ತಾದ ಮೇಲೆ ಇಬ್ಬರೂ ಒಂದೇ ಕ್ಷಣಕ್ಕೆ ತಿರುಗಿದರು.

ಅವರು ಡ್ರೈವಿಂಗ್ ಸ್ಕೂಲಿನ ಮಾಲೀಕರು, ಡಾಕ್ಟರ ಬಹುಕಾಲದ ಪೇಷೆಂಟು. ಆರು ತಿಂಗಳಿಂದ ಫೋನ್ ಮಾಡಿದಾಗಲೆಲ್ಲ ಊರಲ್ಲಿಲ್ಲ ಎನ್ನುತ್ತಿದ್ದವರು.

"ಡಾಕ್ಟ್ರೇ!" ಅವರ ಮುಖ ಮೊದಲು ಬಿಳಿಚಿಕೊಂಡು, ಆಮೇಲೆ ನಿಧಾನವಾಗಿ ಅರಳಿತು. "ನೀವೂ ಇಲ್ಲಿಗೇ ಬರೋದಾ?"

"ಇಲ್ಲ, ನಮ್ಮ ಅತ್ತೆ..."

"ಅರ್ಥ ಆಯ್ತು ಬಿಡಿ ಸಾರ್." ಅವರು ಕೈಚೀಲವನ್ನು ನೋಡಿ ಕಣ್ಣು ಮಿಟುಕಿಸಿದರು. "ನಾನೂ ನಮ್ಮ ಮಿಸೆಸ್ ಹೆಸರಲ್ಲೇ ಬಂದಿರೋದು. ಯಾರಿಗೂ ಹೇಳಲ್ಲ. ಈಯಮ್ಮ ಸ್ವಲ್ಪ ಮೆತ್ತಗೆ ಮಾಡ್ತಾಳೆ, ಅಲ್ವಾ?"

ಒಳಗಿನ ಬಾಗಿಲು ತೆರೆಯಿತು. ಅತ್ತೆ ಹೊರಗೆ ಬಂದರು. ಡಾಕ್ಟರು ತಟ್ಟನೆ ಎದ್ದು, ತಮ್ಮನ್ನು ತಾವೇ ಮರೆತು, "ಅತ್ತೆ, ತೋರಿಸಿ," ಎಂದರು. ಅತ್ತೆ ಅಲ್ಲೇ, ಕಾಯುವ ಜನರ ಎದುರಿಗೇ, ದೊಡ್ಡದಾಗಿ ಬಾಯಿ ತೆರೆದರು. ಕಲ್ಲು ಹೋಗಿತ್ತು. ವಸಡಿನಿಂದ ಸ್ವಲ್ಪ ರಕ್ತ ಒಸರಿತ್ತು, ಹಲ್ಲುಗಳು ಒಂದೂ ಅಲ್ಲಾಡದೆ ನಿಂತಿದ್ದವು. ಮೂಳೆ ಉಳಿದಿತ್ತು. ಡಾಕ್ಟರು ಎಷ್ಟು ಹೊತ್ತು ನೋಡಿದರೆಂದರೆ ಅತ್ತೆಯೇ ಬಾಯಿ ಮುಚ್ಚಿ, "ಸಾಕು, ಎಲ್ಲ ಇದಾವೆ," ಎಂದರು. ಡಾಕ್ಟರ ಕಣ್ಣು ಒದ್ದೆಯಾಯಿತು. ಅವರು ಕನ್ನಡಕ ಒರೆಸಿಕೊಂಡರು.

ಹಿಂದೆಯೇ ಕಿರಿಯ ಡಾಕ್ಟರು ಗ್ಲೋವ್ಸ್ ಬಿಚ್ಚುತ್ತಾ ಬಂದರು. "ಸಾರ್, ನೀವು ಬಂದಿದೀರಿ ಅಂತ ಅಮ್ಮ ಹೇಳಿದ್ರು. ಒಂದು ಮಾತು ಕೇಳ್ಲಾ? ನಿಮ್ಮದು ಕೊನೇ ಸಲ ಯಾವಾಗ ಕ್ಲೀನ್ ಮಾಡಿಸಿದ್ರಿ?"

ಡಾಕ್ಟರು ಗೋಡೆಯ ನಗುವ ಹಲ್ಲಿನ ಕಡೆ ನೋಡಿದರು. ತಮ್ಮ ಹಲ್ಲನ್ನು ತಾವೇ ಕೆರೆದುಕೊಳ್ಳಲು ಆಗುವುದಿಲ್ಲ, ಇನ್ನೊಬ್ಬ ಹಲ್ಲಿನ ಡಾಕ್ಟರ ಬಳಿ ಹೋಗಲು ಮನಸ್ಸು ಬರುವುದಿಲ್ಲ. ಹೀಗೇ ವರ್ಷಗಳು ಹೋಗಿದ್ದವು.

"ಕೂತ್ಕೊಳ್ಳಿ, ಹೇಗೂ ಬಂದಿದೀರಿ," ಎಂದರು ಅತ್ತೆ. ಡ್ರೈವಿಂಗ್ ಸ್ಕೂಲಿನವರು ತಮ್ಮ ಸರದಿಯನ್ನು ಉದಾರವಾಗಿ ಬಿಟ್ಟುಕೊಟ್ಟರು.

ಕುರ್ಚಿ ಹಿಂದಕ್ಕೆ ವಾಲಿತು. ಜೀವಮಾನವಿಡೀ ಮೇಲಿನಿಂದ ನೋಡಿದ್ದ ದೀಪವನ್ನು ಡಾಕ್ಟರು ಕೆಳಗಿನಿಂದ ನೋಡಿದರು. ನಾಲಿಗೆ ತಾನಾಗಿ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಹೋಯಿತು. ಅಲ್ಲಿ ಕಲ್ಲಿತ್ತು, ದಪ್ಪಗೆ, ಹಳೆಯದು. ಅದು ಏನನ್ನು ಹಿಡಿದುಕೊಂಡಿದೆಯೋ? ಎಲ್ಲ ಗೊತ್ತಿದ್ದ ಅವರೂ ಗೀಸರಿನಂತೆ ಗೊಣಗತೊಡಗಿದರು.

"ಸ್ವಲ್ಪ... ನೋಡ್ಕೊಂಡು ಮಾಡಮ್ಮ," ಎಂದರು. "ಎಲ್ಲಾ ಒಂದೇ ಸಲಕ್ಕೆ ಬೇಡ. ಅಲ್ಲಲ್ಲಿ ಒಂದಿಷ್ಟು ಉಳಿಸಿದ್ರೂ..."

ಪಕ್ಕದ ಸ್ಟೂಲಿನಲ್ಲಿ ಅಳಿಯನ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆ, ಈಗ ಎರಡೂ ಬದಿಯಲ್ಲಿ ನಗುತ್ತಾ, ಕಿರಿಯ ಡಾಕ್ಟರ ಕಡೆಗೆ ಬಾಗಿದರು.

"ಅವರ ಮಾತು ಕೇಳ್ಬೇಡ ಕಣಮ್ಮ. ಪೂರ್ತಿ ತೆಗಿ. ಅವರಿಗೆ ಅರ್ಧಂಬರ್ಧ ಕೆಲಸ ಅಂದ್ರೆ ಆಗಲ್ಲ."